ಪುರಾಣ, ಹಾಡು, ವಿಡಂಬನೆ: ‘ಸಾಸೇಜ್ ಪಾರ್ಟಿ’ ಚಲನಚಿತ್ರ ಕುರಿತು ಒಂದು ಜಾನಪದೀಯ ವಿವೇಚನೆ

೧. ಪೀಠಿಕೆ

ಮಾತು ಬಾರದ ವಸ್ತುಗಳಿಗೆ ಮಾತು ಕೊಡುವುದು ಜನಪದ ಕಥನದ ಹಳೆಯ ಕ್ರಮಗಳಲ್ಲೊಂದು. ಎ. ಕೆ. ರಾಮಾನುಜನ್ ಅವರು ಕನ್ನಡದಿಂದ ಸಂಗ್ರಹಿಸಿದ ಒಂದು ಕಥೆಯಲ್ಲಿ ಊರಿನ ದೀಪಗಳೆಲ್ಲ ಆರಿದ ಮೇಲೆ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುತ್ತವೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನೆಲ್ಲು ಮತ್ತು ರಾಗಿ ತಮ್ಮಲ್ಲಿ ಯಾರು ಮೇಲು ಎಂದು ರಾಮನ ಸಭೆಯಲ್ಲಿ ವಾದಕ್ಕಿಳಿಯುತ್ತವೆ. ಮನುಷ್ಯರು ನೇರವಾಗಿ ಆಡಲಾಗದ ಮಾತನ್ನು ವಸ್ತುಗಳ ಬಾಯಿಂದ ಆಡಿಸುವ ಈ ಕ್ರಮವು ವಿಡಂಬನೆಗೆ ಸಹಜವಾಗಿ ಒದಗಿಬರುತ್ತದೆ.

ಆಧುನಿಕ ಅನಿಮೇಷನ್ ಚಲನಚಿತ್ರವು ಈ ಕ್ರಮದ ಯಂತ್ರಯುಗದ ರೂಪವೆನ್ನಬಹುದು. ಈ ಮಾಧ್ಯಮವನ್ನು ಮಕ್ಕಳ ಮನರಂಜನೆಯೆಂದು ಭಾವಿಸುವುದು ವಾಡಿಕೆ. ಆದರೆ ಅಮೆರಿಕದಲ್ಲಿ ರಾಲ್ಫ್ ಬಕ್ಷಿಯ ‘ಫ್ರಿಟ್ಜ್ ದ ಕ್ಯಾಟ್’ (೧೯೭೨), ಟ್ರೇ ಪಾರ್ಕರ್ ನಿರ್ದೇಶಿಸಿದ ‘ಸೌತ್ ಪಾರ್ಕ್: ಬಿಗ್ಗರ್, ಲಾಂಗರ್ ಅಂಡ್ ಅನ್‌ಕಟ್’ (೧೯೯೯) ಮೊದಲಾದ ಚಿತ್ರಗಳು ವಯಸ್ಕರಿಗೆಂದೇ ರಚಿತವಾಗಿ, ಸಮಾಜ ಮತ್ತು ಧರ್ಮಗಳ ಕಟು ವಿಡಂಬನೆಗೆ ಈ ಮಾಧ್ಯಮವನ್ನು ಬಳಸಿಕೊಂಡಿವೆ. ಇದೇ ಸಾಲಿನಲ್ಲಿ ೨೦೧೬ರಲ್ಲಿ ಬಂದ ‘ಸಾಸೇಜ್ ಪಾರ್ಟಿ’ಯನ್ನು ಜಾನಪದ ಅಧ್ಯಯನದ ಪರಿಕರಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಚಿತ್ರದ ಹಿನ್ನೆಲೆ ಮತ್ತು ಕಥಾಸ್ವರೂಪ

ಕಾನ್ರಾಡ್ ವೆರ್ನನ್ ಮತ್ತು ಗ್ರೆಗ್ ಟೀರ್ನನ್ ನಿರ್ದೇಶಿಸಿದ ಈ ಚಿತ್ರದ ಚಿತ್ರಕಥೆಯನ್ನು ಸೇಥ್ ರೋಗನ್, ಇವಾನ್ ಗೋಲ್ಡ್‌ಬರ್ಗ್, ಕೈಲ್ ಹಂಟರ್ ಮತ್ತು ಏರಿಯಲ್ ಶಾಫಿರ್ ರಚಿಸಿದರು. ೨೦೧೬ರ ಆಗಸ್ಟ್ ೧೨ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಸುಮಾರು ೧೯ ದಶಲಕ್ಷ ಡಾಲರ್ ವೆಚ್ಚವಾಗಿ, ಜಗತ್ತಿನಾದ್ಯಂತ ಸುಮಾರು ೧೪೦ ದಶಲಕ್ಷ ಡಾಲರ್ ಗಳಿಕೆಯಾಯಿತು. ಡಿಸ್ನಿ ಸಂಸ್ಥೆಯ ‘ದ ಲಿಟ್ಲ್ ಮರ್ಮೇಯ್ಡ್’, ‘ಅಲ್ಲಾದೀನ್’ ಮೊದಲಾದ ಚಿತ್ರಗಳಿಗೆ ಸಂಗೀತ ನೀಡಿದ ಅಲನ್ ಮೆಂಕನ್ ಅವರೇ ಇದರ ಮುಖ್ಯ ಗೀತೆಗೂ ರಾಗ ಸಂಯೋಜಿಸಿದ್ದಾರೆ. ಮಕ್ಕಳ ಚಿತ್ರದ ಮಧುರ ಧಾಟಿಯಲ್ಲೇ ಹೊಲಸು ಮಾತಿನ ಹಾಡು ಕೇಳಿಬರುವುದು ವಿಡಂಬನೆಯ ಮೊದಲ ಹೆಜ್ಜೆ.

ಕಥೆ ನಡೆಯುವುದು ‘ಶಾಪ್‌ವೆಲ್ಸ್’ ಎಂಬ ಸೂಪರ್ ಮಾರ್ಕೆಟ್ಟಿನಲ್ಲಿ. ಅಲ್ಲಿನ ತಿನಿಸುಗಳು ಕೊಳ್ಳಲು ಬರುವ ಮನುಷ್ಯರನ್ನು ದೇವರೆಂದು ನಂಬಿವೆ. ದೇವರು ತಮ್ಮನ್ನು ಆಯ್ದುಕೊಂಡರೆ ಬಾಗಿಲಾಚೆಗಿನ ‘ಮಹಾ ಆಚೆಲೋಕ’ದಲ್ಲಿ ನಿತ್ಯಸುಖ ದೊರೆಯುವುದೆಂಬುದು ಅವುಗಳ ವಿಶ್ವಾಸ. ಕೊಚ್ಚಿದ ಮಾಂಸವನ್ನು ನಳಿಗೆಯಾಕಾರದಲ್ಲಿ ತುಂಬಿ ಮಾಡುವ ಸಾಸೇಜಿನ ರೂಪದ ಫ್ರ್ಯಾಂಕ್ ಕಥಾನಾಯಕ. ಬನ್ನಿನ ರೂಪದ ಬ್ರೆಂಡಾ ಅವನ ಪ್ರಿಯತಮೆ. ಅಮೆರಿಕದ ಸ್ವಾತಂತ್ರ್ಯ ದಿನಾಚರಣೆಯ ಮುನ್ನಾದಿನ ಕಥೆ ಆರಂಭವಾಗುತ್ತದೆ. ಮನೆಗೆ ಹೋಗಿ ಮರಳಿಬಂದ ಸಾಸಿವೆ ಗೊಜ್ಜಿನ ಸೀಸೆಯೊಂದು ತಾನು ಕಂಡ ಭೀಕರವನ್ನು ಹೇಳಲೆತ್ನಿಸಿ, ಮತ್ತೆ ಅಲ್ಲಿಗೆ ಹೋಗಲೊಲ್ಲದೆ ಕೈಗಾಡಿಯಿಂದ ಜಿಗಿದು ಪ್ರಾಣ ಬಿಡುತ್ತದೆ. ಅಲ್ಲಿಂದ ಫ್ರ್ಯಾಂಕನ ಸತ್ಯಾನ್ವೇಷಣೆ ಮೊದಲಾಗುತ್ತದೆ.

೩. ಹುಟ್ಟುಕಥೆ ಮತ್ತು ಹಾಡಿನ ಪಾಠಾಂತರ

ಅಂಗಡಿ ತೆರೆಯುವ ಮುನ್ನ ಎಲ್ಲ ತಿನಿಸುಗಳೂ ಒಟ್ಟಾಗಿ ದೇವರನ್ನು ಸ್ತುತಿಸಿ ಹಾಡುತ್ತವೆ. ಇದು ನಿತ್ಯದ ಆಚರಣೆ. ಈ ಹಾಡಿನಲ್ಲೇ ಅವುಗಳ ಪುರಾಣ ಅಡಗಿದೆ. ಫ್ರ್ಯಾಂಕ್ ಇದರ ಮೂಲವನ್ನು ಹುಡುಕುತ್ತ ಕೆಡದೆ ಬಹುಕಾಲ ಉಳಿಯುವ ಪದಾರ್ಥಗಳ ಬಳಿ ಹೋಗುತ್ತಾನೆ. ಮದ್ಯದ ಸೀಸೆ ಫೈರ್‌ವಾಟರ್, ಜೋಳದ ತರಿಯಾದ ಗ್ರಿಟ್ಸ್ ಮತ್ತು ಕೆನೆ ತುಂಬಿದ ಟ್ವಿಂಕ್ ಇವರೇ ಆ ಹಿರಿಯರು. ಹಿಂದೆ ಎಲ್ಲ ತಿನಿಸುಗಳಿಗೂ ಸತ್ಯ ಗೊತ್ತಿತ್ತು. ಅವು ಭಯದಿಂದ ಚೀರುತ್ತಲೇ ಸಾಯುತ್ತಿದ್ದವು. ಆ ಸಂಕಟವನ್ನು ನೋಡಲಾರದೆ ತಾವೇ ಆಚೆಲೋಕದ ಕಥೆಯನ್ನೂ ಹಾಡನ್ನೂ ಕಟ್ಟಿದೆವು ಎಂದು ಅವರು ಒಪ್ಪಿಕೊಳ್ಳುತ್ತಾರೆ. ಕಾಲಾನಂತರ ಒಂದೊಂದು ಗುಂಪೂ ತನಗೆ ಬೇಕಾದುದನ್ನು ಸೇರಿಸಿಕೊಂಡು ಮೂಲ ಹಾಡು ಗುರುತು ಸಿಗದಂತಾಯಿತೆಂಬುದು ಅವರ ಅಳಲು.

ಈ ಪ್ರಸಂಗದಲ್ಲಿ ಎರಡು ಭಿನ್ನ ತಿಳಿವಳಿಕೆಗಳು ಬೆರೆತಿವೆ. ಕೆಲವರು ಕೂಡಿ ಧರ್ಮವನ್ನು ಕಟ್ಟಿ ಉಳಿದವರನ್ನು ನಂಬಿಸಿದರು ಎಂಬುದು ೧೮ನೆಯ ಶತಮಾನದ ಐರೋಪ್ಯ ವಿಚಾರವಾದದಲ್ಲಿ ಪ್ರಚಲಿತವಾಗಿದ್ದ ವಾದ. ಜಾನಪದ ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಾರರು. ಮ್ಯಾಲಿನೋವ್‌ಸ್ಕಿ ೧೯೨೬ರಲ್ಲಿ ಪ್ರತಿಪಾದಿಸಿದಂತೆ ಪುರಾಣವು ಸಮುದಾಯದ ಬದುಕಿಗೆ ಸನ್ನದಿನಂತಿರುವಂಥದು. ಯಾರೋ ನಾಲ್ವರು ಕುಳಿತು ಕಟ್ಟಿದ್ದೆಂಬ ಕಾರಣದಿಂದ ಅದು ನಿಲ್ಲುವುದಿಲ್ಲ. ನಿತ್ಯದ ನಡೆಗೆ ಆಧಾರವಾಗಿರುವುದರಿಂದ ನಿಲ್ಲುತ್ತದೆ. ಚಿತ್ರದ ಒಳ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಹಾಡು ಕಟ್ಟಿದವರಿಗೇ ಅದರ ಮೇಲೆ ಹಿಡಿತ ಉಳಿದಿಲ್ಲ. ಅದು ಹಾಡುವವರ ಸೊತ್ತಾಗಿದೆ.

ಎರಡನೆಯದು ಪಾಠಾಂತರದ ತಿಳಿವಳಿಕೆ. ಒಂದೇ ಕಥೆ ಬೇರೆ ಬೇರೆ ನೆಲದಲ್ಲಿ ಅಲ್ಲಲ್ಲಿನ ಬದುಕಿಗೆ ಹೊಂದಿಕೊಂಡು ಬೇರೆ ಬೇರೆ ರೂಪ ತಾಳುವುದನ್ನು ಸ್ವೀಡನ್ನಿನ ವಿದ್ವಾಂಸ ಫಾನ್ ಸೀಡೋ ವಿವರಿಸಿದ್ದಾನೆ. ಚಿತ್ರದಲ್ಲಿ ಜರ್ಮನ್ ಕೋಸಿನ ಉಪ್ಪಿನಕಾಯಿ ತನ್ನ ಪಾಲಿನ ಸಾಲಿನಲ್ಲಿ ಪರರ ನಿರ್ನಾಮವನ್ನೇ ಹಾಡುತ್ತದೆ. ಸಾಂತ್ವನಕ್ಕೆಂದು ಹುಟ್ಟಿದ ಹಾಡು ದ್ವೇಷದ ಘೋಷವಾಗಿ ಮಾರ್ಪಡುವ ಬಗೆ ಇಲ್ಲಿ ಕೆಲವೇ ಕ್ಷಣಗಳಲ್ಲಿ ಮನಗಾಣುತ್ತದೆ. ಚಿತ್ರದ ಧಾರ್ಮಿಕ ವಿಡಂಬನೆಯ ತಿರುಳು ದೇವರನ್ನು ಗೇಲಿಮಾಡುವುದರಲ್ಲಿ ಇರದೆ, ಈ ಮಾರ್ಪಾಟಿನಲ್ಲಿದೆಯೆಂದು ಹೇಳಬೇಕು.

೪. ನಿಷೇಧ ಮತ್ತು ಪಾಪಭೀತಿ

ಆಚೆಲೋಕ ಸೇರುವವರೆಗೆ ತಿನಿಸುಗಳು ತಮ್ಮ ಪೊಟ್ಟಣದಿಂದ ಹೊರಬರಕೂಡದು, ಪರಸ್ಪರ ಕೂಡಕೂಡದು ಎಂಬುದು ನಿಷೇಧ. ಫ್ರ್ಯಾಂಕ್ ಮತ್ತು ಬ್ರೆಂಡಾ ಪೊಟ್ಟಣದ ಸೀಳಿನ ಮೂಲಕ ಬೆರಳ ತುದಿಗಳನ್ನಷ್ಟೇ ತಾಗಿಸುತ್ತಾರೆ. ಬಳಿಕ ಒದಗಿದ ಪ್ರತಿ ವಿಪತ್ತೂ ಆ ಸ್ಪರ್ಶಕ್ಕೆ ದೊರೆತ ಶಿಕ್ಷೆಯೆಂದೇ ಬ್ರೆಂಡಾ ಭಾವಿಸುತ್ತಾಳೆ. ನಿಷೇಧ, ಉಲ್ಲಂಘನೆ, ಫಲ ಎಂಬ ಈ ಸರಣಿ ಜಾನಪದ ಕಥೆಗಳ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಆದರೆ ಜನಪದ ಕಥೆಯಲ್ಲಿ ಉಲ್ಲಂಘನೆಗೂ ಫಲಕ್ಕೂ ಕಾರಣಸಂಬಂಧವಿರುತ್ತದೆ. ಇಲ್ಲಿ ಆ ಸಂಬಂಧ ಬ್ರೆಂಡಾಳ ಮನಸ್ಸಿನಲ್ಲಿ ಮಾತ್ರ ಇದೆ. ನೋಡುಗನಿಗೆ ಕಾಣುವುದು ಎರಡು ಕೈಗಾಡಿಗಳ ಆಕಸ್ಮಿಕ ಡಿಕ್ಕಿ. ನಿಯಮ ಪಾಲಿಸಿದವರಿಗೂ ಮುರಿದವರಿಗೂ ಕೊನೆಗೆ ಕಾದಿರುವುದು ಅದೇ ಕುದಿಯುವ ನೀರು, ಅದೇ ಚೂರಿ. ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ಸುಲಿಯುವ ದೃಶ್ಯವನ್ನು ಚಿತ್ರವು ಹತ್ಯಾಕಾಂಡದಂತೆ ಚಿತ್ರಿಸುತ್ತದೆ. ದೇವರ ಸ್ಥಾನದಲ್ಲಿರುವ ಗೃಹಿಣಿಗೆ ಯಾವ ದುರುದ್ದೇಶವೂ ಇಲ್ಲ. ಆಕೆ ಅಡುಗೆ ಮಾಡುತ್ತಿದ್ದಾಳೆ, ಅಷ್ಟೆ. ಭಕ್ತರ ಮೊರೆ ಆಕೆಗೆ ಕೇಳಿಸುವುದೇ ಇಲ್ಲ.

೫. ಸರಕಿನ ಸಾಲುಗಳ ಜಗಳ

ಸಾಮಾಜಿಕ ವಿಡಂಬನೆಯು ಅಂಗಡಿಯ ವ್ಯವಸ್ಥೆಯಲ್ಲೇ ಇದೆ. ಒಂದೊಂದು ಸಾಲೂ ಒಂದೊಂದು ದೇಶ ಅಥವಾ ಜನಾಂಗ. ಯಹೂದಿ ಸಮುದಾಯವನ್ನು ಪ್ರತಿನಿಧಿಸುವ ಬೇಗಲ್ ಎಂಬ ಬಳೆಯಾಕಾರದ ರೊಟ್ಟಿ ಸ್ಯಾಮಿಗೂ, ಪಶ್ಚಿಮ ಏಷ್ಯಾದ ಮುಸ್ಲಿಮರನ್ನು ಪ್ರತಿನಿಧಿಸುವ ಲವಾಶ್ ರೊಟ್ಟಿ ಕರೀಮನಿಗೂ ಕಪಾಟಿನ ಜಾಗದ ವಿಚಾರದಲ್ಲಿ ಮುಗಿಯದ ಜಗಳ. ಪಶ್ಚಿಮದ ಕಪಾಟನ್ನು ಅವರು ಆಕ್ರಮಿಸುತ್ತಿದ್ದಾರೆಂಬ ದೂರು ಪ್ಯಾಲೆಸ್ಟೈನ್ ಪ್ರಶ್ನೆಯನ್ನು ನೇರವಾಗಿ ನೆನಪಿಸುತ್ತದೆ. ಇಬ್ಬರಿಗೂ ಹಮ್ಮಸ್ ಎಂಬ ಕಡಲೆಯ ಗೊಜ್ಜು ಸಮಾನ ಮಿತ್ರನೆಂದು ತಿಳಿದಾಗ ವಾದ ಅರೆಗಳಿಗೆ ಸಡಿಲಗೊಳ್ಳುತ್ತದೆ. ಗಡಿ ಬೇರೆಯಾದರೂ ಊಟ ಒಂದೇ ಎಂಬ ಅರಿವು ಇಲ್ಲಿ ನಗೆಯೊಡನೆ ಬರುತ್ತದೆ.

ಚಿತ್ರದ ಕೊರತೆಯೂ ಇಲ್ಲೇ ಗೋಚರಿಸುತ್ತದೆ. ಪಾತ್ರಗಳೆಲ್ಲ ಜನಾಂಗೀಯ ಸಿದ್ಧಮಾದರಿಗಳಿಂದ ರೂಪುಗೊಂಡಿವೆ. ಅಮೆರಿಕದ ಮೂಲನಿವಾಸಿಯನ್ನು ಮದ್ಯದ ಸೀಸೆಯಾಗಿ, ಆ ಜನರೊಡನೆ ಹೀನಾರ್ಥದಲ್ಲಿ ತಳಕು ಹಾಕಿಕೊಂಡುಬಂದ ಹೆಸರಿನಿಂದಲೇ ತೋರಿಸಿರುವುದು ವಿಡಂಬನೆಯೋ ಪೂರ್ವಗ್ರಹದ ಪುನರುಕ್ತಿಯೋ ಎಂಬ ಪ್ರಶ್ನೆ ಉಳಿಯುತ್ತದೆ. ಎಲ್ಲರನ್ನೂ ಸಮನಾಗಿ ಗೇಲಿಮಾಡಿದ್ದೇವೆಂಬ ಸಮಾಧಾನ ಇಂಥಲ್ಲಿ ಸಾಲದು. ಗೇಲಿಗೊಳಗಾದವರು ಸಮಾಜದಲ್ಲಿ ಸಮಾನ ನೆಲೆಯಲ್ಲಿಲ್ಲ.

‘ರಾಮಧಾನ್ಯ ಚರಿತೆ’ಯೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ನೆಲ್ಲು ತನ್ನ ಕುಲ, ಯಾಗಯಜ್ಞಗಳಲ್ಲಿ ತನಗಿರುವ ಸ್ಥಾನವನ್ನು ಹೇಳಿಕೊಂಡು ರಾಗಿಯನ್ನು ಹಳಿಯುತ್ತದೆ. ರಾಗಿ ಬಡವರನ್ನೂ ಬರಗಾಲವನ್ನೂ ಸಾಕ್ಷಿಗೆ ಕರೆಯುತ್ತದೆ. ಆರು ತಿಂಗಳ ಸೆರೆಯ ಬಳಿಕ ನೆಲ್ಲು ಸತ್ವಗುಂದಿದ್ದರೆ ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಕೀಳೆಂದು ಎಣಿಸಿದ ಧಾನ್ಯದ ಪರವಾಗಿ ತೀರ್ಪು ಬರುವುದರಿಂದ ಆ ವಿಡಂಬನೆಗೆ ದಿಕ್ಕಿದೆ. ‘ಸಾಸೇಜ್ ಪಾರ್ಟಿ’ಯ ನಗೆ ಎಲ್ಲ ದಿಕ್ಕಿಗೂ ಹಾರುತ್ತದೆ, ಅದರಿಂದ ವೇಗ ಬಂದಿದೆ, ನೆಲೆ ಸಿಕ್ಕಿಲ್ಲ.

೬. ಸತ್ಯವನ್ನು ಹೇಳುವ ಬಗೆ

ಚಿತ್ರದ ಅತ್ಯಂತ ವಿಚಾರಪೂರ್ಣ ಭಾಗ ಉತ್ತರಾರ್ಧದಲ್ಲಿದೆ. ಫ್ರ್ಯಾಂಕ್ ಅಡುಗೆ ಪುಸ್ತಕವೊಂದರ ಚಿತ್ರಗಳಿಂದ ಸತ್ಯವನ್ನು ಕಂಡು ಇಡೀ ಅಂಗಡಿಗೆ ಕೇಳುವಂತೆ ಸಾರುತ್ತಾನೆ. ಸಾಕ್ಷ್ಯ ಕಣ್ಣೆದುರಿಗಿದ್ದರೂ ತಿನಿಸುಗಳು ಅವನನ್ನು ತಿರಸ್ಕರಿಸುತ್ತವೆ. ಸತ್ಯದ ಜೊತೆಗೆ ಅವನು ‘ನೀವು ಮೂರ್ಖರು’ ಎಂಬ ಭಾವವನ್ನೂ ಬೆರೆಸಿರುತ್ತಾನೆ. ನಂಬಿಕೆಯನ್ನು ಕಿತ್ತುಕೊಂಡವನು ಅದರ ಜಾಗದಲ್ಲಿ ಏನನ್ನೂ ಇಡುವುದಿಲ್ಲ. ಅನಂತರ, ಮನೆಯಿಂದ ತಪ್ಪಿಸಿಕೊಂಡು ಬಂದ ಗೆಳೆಯ ಬ್ಯಾರಿಯಿಂದ ‘ದೇವರು’ ಮರ್ತ್ಯರೆಂದು ಖಚಿತವಾದಾಗ, ಫ್ರ್ಯಾಂಕ್ ತನ್ನ ಅವಹೇಳನಕ್ಕೆ ಕ್ಷಮೆ ಕೇಳಿ, ಒಟ್ಟಾಗಿ ಹೋರಾಡುವ ಭರವಸೆಯನ್ನು ಮುಂದಿಡುತ್ತಾನೆ. ಆಗಷ್ಟೇ ಸಮುದಾಯ ಅವನ ಜೊತೆ ನಿಲ್ಲುತ್ತದೆ.

ವಿಲಿಯಂ ಬ್ಯಾಸ್ಕಂ ೧೯೫೪ರಲ್ಲಿ ಗುರುತಿಸಿದ ಜಾನಪದದ ನಾಲ್ಕು ಕಾರ್ಯಗಳಾದ ಮನರಂಜನೆ, ಸಂಸ್ಕೃತಿಯ ಸಮರ್ಥನೆ, ಶಿಕ್ಷಣ ಮತ್ತು ಸಾಮಾಜಿಕ ನಿಯಂತ್ರಣಗಳನ್ನು ಇಲ್ಲಿ ನೆನೆಯಬಹುದು. ಪುರಾಣವೊಂದು ಸುಳ್ಳೆಂದು ತೋರಿಸಿದ ಮಾತ್ರಕ್ಕೆ ಅದು ನೆರವೇರಿಸುತ್ತಿದ್ದ ಕಾರ್ಯಗಳು ಇಲ್ಲವಾಗುವುದಿಲ್ಲ. ವಿಡಂಬನಕಾರರು ತಮ್ಮ ಕಥೆಯೊಳಗೇ ವಿಡಂಬನೆಯ ಈ ಮಿತಿಯನ್ನು ಒಪ್ಪಿಕೊಂಡಿರುವುದು ಗಮನಾರ್ಹ.

ಗೆಲುವಿನ ಬಳಿಕ ಬರುವ ಸಾಮೂಹಿಕ ಕಾಮಕೇಳಿಯ ದೃಶ್ಯ ಅನೇಕ ಪ್ರೇಕ್ಷಕರಿಗೆ ಅಸಹ್ಯವೆನಿಸುವಂಥದು. ಅಲ್ಲಿ ಕಪಾಟಿನ ಗಡಿಗಳೆಲ್ಲ ಅಳಿದು ಸ್ಯಾಮಿ ಮತ್ತು ಕರೀಮ್ ಕೂಡ ಒಂದಾಗುತ್ತಾರೆ. ಬಖ್ತಿನ್ ವಿವರಿಸಿದ ಕಾರ್ನಿವಲ್ ಲಕ್ಷಣಗಳಾದ ದೇಹದ ಕೆಳಭಾಗದ ಮೆರೆದಾಟ ಮತ್ತು ಶ್ರೇಣಿಗಳ ಪಲ್ಲಟ ಇಲ್ಲಿ ಪೂರ್ಣವಾಗಿ ಕಾಣಬರುತ್ತವೆ. ಆದರೆ ಕೊನೆಗೆ ಪಾತ್ರಗಳಿಗೆ ತಾವು ಕೇವಲ ಚಿತ್ರಿತ ಗೊಂಬೆಗಳು, ನಟರು ತಮ್ಮ ದನಿಯ ಹಿಂದಿದ್ದಾರೆ ಎಂದು ತಿಳಿಯುತ್ತದೆ. ಒಂದು ದೇವರನ್ನು ಉರುಳಿಸಿದವರಿಗೆ ಇನ್ನೊಬ್ಬ ಸೃಷ್ಟಿಕರ್ತ ಎದುರಾಗುತ್ತಾನೆ.

೭. ಸಮಾರೋಪ

೨೦೧೬ರಲ್ಲಿ ಚಿತ್ರ ಬಿಡುಗಡೆಯಾದ ಬೆನ್ನಿಗೆ, ಅದನ್ನು ರೂಪಿಸಿದ ಕೆಲವು ಚಿತ್ರಕಾರರಿಗೆ ಅಧಿಕಾವಧಿಯ ದುಡಿಮೆಗೆ ವೇತನ ದೊರೆತಿಲ್ಲವೆಂಬ ಆರೋಪ ಕೇಳಿಬಂದಿತು. ಕಾಣದ ಒಡೆಯರ ಸುಖಕ್ಕೆ ಬಲಿಯಾಗುವವರ ಕಥೆ ಹೇಳಿದ ಚಿತ್ರಕ್ಕೇ ಇಂಥ ಆರೋಪ ಅಂಟಿಕೊಂಡದ್ದು ವಿಪರ್ಯಾಸ. ವಿಡಂಬನೆ ತನ್ನ ಹುಟ್ಟಿನ ಪರಿಸ್ಥಿತಿಯಿಂದ ಹೊರತಾಗಿರಲಾರದು ಎಂಬುದಕ್ಕೆ ಇದು ನಿದರ್ಶನ.

೨೦೨೪ರಲ್ಲಿ ಇದೇ ಪಾತ್ರಗಳ ‘ಫುಡ್‌ಟೋಪಿಯಾ’ ಎಂಬ ಧಾರಾವಾಹಿ ಬಂದಿತು. ಸ್ವತಂತ್ರವಾದ ತಿನಿಸುಗಳು ತಮ್ಮದೇ ಸಮಾಜ ಕಟ್ಟಲು ತೊಡಗುವುದೇ ಅದರ ವಸ್ತು. ದೇವರಿಲ್ಲವೆಂದು ತಿಳಿದ ಮೇಲೆ ಕೂಡಿ ಬಾಳುವುದಕ್ಕೆ ಸನ್ನದು ಯಾವುದು ಎಂಬ ಪ್ರಶ್ನೆ ಅಲ್ಲಿ ಮೊದಲಾಗುತ್ತದೆ. ಆ ಪ್ರಶ್ನೆ ತಿನಿಸುಗಳದಷ್ಟೇ ಅಲ್ಲ. ಹಳೆಯ ಹಾಡನ್ನು ಬಿಟ್ಟ ಸಮುದಾಯಕ್ಕೆ ಬೆಳಗಿನಲ್ಲಿ ಒಟ್ಟಾಗಿ ಹಾಡಲು ಇನ್ನೊಂದು ಹಾಡು ಬೇಕಾಗುತ್ತದೆ. ಅದನ್ನು ಯಾರು ಕಟ್ಟುತ್ತಾರೆ, ಯಾರು ತಿದ್ದುತ್ತಾರೆ, ಅದರಲ್ಲಿ ಯಾರ ನಿರ್ನಾಮ ಸೇರಿಕೊಳ್ಳುತ್ತದೆ ಎಂಬುದನ್ನು ಗಮನಿಸುತ್ತಿರುವುದು ಜಾನಪದ ಅಧ್ಯಯನದ ಹೊಣೆಗಳಲ್ಲೊಂದು.