ಮಾಳಿಗೆಯ ತುಳಸಿಯೂ ಮಾಗಿಯ ಆಕಾಶವೂ

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಗಿಡವೊಂದಕ್ಕೆ ನೆಲದ ಮೇಲೆ ಸ್ಥಳ ದೊರೆಯುವುದು ದುರ್ಲಭ. ಎರಡನೆಯ ಅಸಫ್ ಜಾಹ್ ಎನಿಸಿದ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಕೊಡುಗೆಯಾಗಿತ್ತ ಭೂಮಿಯಲ್ಲಿ ನೆಲೆಗೊಂಡಿತೆಂದು ಪ್ರತೀತಿಯಿರುವ, ಮೂಸಿ ನದಿಯ ಉತ್ತರ ದಂಡೆಗೆ ಸಮೀಪವಾದ ಈ ಪೇಟೆಯಲ್ಲಿ, ಮಸಾಲೆ, ಒಣಹಣ್ಣು, ಅರಿಸಿನ, ಪಾತ್ರೆಪಡಗ, ಪ್ಲಾಸ್ಟಿಕ್ ಸಾಮಾನುಗಳ ಸಗಟು ಅಂಗಡಿಗಳು ಓಣಿಯ ಎರಡು ಮಗ್ಗುಲನ್ನೂ ಒತ್ತರಿಸಿ ನಿಂತಿರುವುದರಿಂದ, ಮನೆಗಳ ಹಸಿರೆಲ್ಲವೂ ಮೇಲೇರಿ ಮಾಳಿಗೆಯನ್ನು ಸೇರಿಕೊಳ್ಳಬೇಕಾಗಿದೆ. ಮಣ್ಣಿನ ಕುಂಡದಲ್ಲೋ ಬರಿದಾದ ಎಣ್ಣೆಯ ಡಬ್ಬಿಯಲ್ಲೋ ಬೇರೂರಿದ ತುಳಸಿ, ಕರಿಬೇವು, ಕನಕಾಂಬರ, ಮಲ್ಲಿಗೆ, ವೀಳ್ಯದ ಬಳ್ಳಿ ಇವು ಅಲ್ಲಿ ಮಳೆಗಾಲದುದ್ದಕ್ಕೂ ನಿಶ್ಚಿಂತೆಯಿಂದ ಬೆಳೆಯುತ್ತವೆ. ಕಾರ್ತಿಕದ ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆಯೊಡನೆ ಪೂಜೆಗೊಳ್ಳುವ ಹೊತ್ತಿಗೆ ತುಳಸಿಯು ತನ್ನ ಪೂರ್ಣ ಕಾಂತಿಯಲ್ಲಿರುತ್ತದೆ. ಆದರೆ ಮಾರ್ಗಶಿರ ಕಳೆದು ಪುಷ್ಯ ಕಾಲಿಡುವಷ್ಟರಲ್ಲಿ ಅದೇ ಗಿಡದ ಎಲೆಗಳು ಕಂದುನೇರಳೆಗೆ ತಿರುಗಿ, ಅಂಚಿನಲ್ಲಿ ಕಪ್ಪಾಗಿ, ಒಂದೊಂದಾಗಿ ಉದುರತೊಡಗುತ್ತವೆ. ಥಂಡಿ ತಾಕಿತು ಎಂದು ಮನೆಯವರು ಮರುಗುತ್ತಾರೆ.

ಈ ಮಾತು ಸುಳ್ಳಲ್ಲ. ಆದರೆ ವಿಚಾರಿಸಿ ನೋಡಿದರೆ ಅದರೊಳಗೆ ಒಂದು ಸೋಜಿಗವಿದೆ. ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ದಖ್ಖನದ ಬಂಡೆಗಳ ಮೇಲೆ ಕುಳಿತಿರುವ ಈ ನಗರದಲ್ಲಿ ನೀರು ಹೆಪ್ಪುಗಟ್ಟಿದ ದಾಖಲೆಯಿಲ್ಲ. ಇಲ್ಲಿಯ ಹವಾಮಾನದ ಪುಸ್ತಕದಲ್ಲಿರುವ ಅತ್ಯಂತ ಕಡಿಮೆಯ ಉಷ್ಣತೆಯೆಂದರೆ 1946ನೆಯ ಇಸವಿ ಜನವರಿ 8ರಂದು ಕಂಡ 6.1 ಡಿಗ್ರಿ ಸೆಲ್ಸಿಯಸ್. ಹಿಮದೇಶಗಳಲ್ಲಿ ಗಿಡ ಸಾಯುವುದು ಅದರ ಮೈಯೊಳಗಣ ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನು ಹಿಂಡಿ ಒಣಗಿಸುವುದರಿಂದ. ಮಂಜುಗಡ್ಡೆಯ ಹೆಸರೇ ಇಲ್ಲದ ಊರಿನಲ್ಲಿ ಗಿಡವು ಚಳಿಗೆ ಬಾಡುವುದು ಹೇಗೆ?

ಹಿಮದ ಪೆಟ್ಟು ಬೇರೆ, ಚಳಿಯ ಪೆಟ್ಟು ಬೇರೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಫುಟವಾಗಿ ವಿಂಗಡಿಸಿ ತೋರಿಸಿದವನು ಹಾನ್ಸ್ ಮೋಲಿಷ್ ಎಂಬ ಸಸ್ಯವಿಜ್ಞಾನಿ. ಮುಂದೆ ವೃದ್ಧಾಪ್ಯದಲ್ಲಿ, 1928ರ ಸುಮಾರಿಗೆ, ಕಲ್ಕತ್ತೆಯ ಬೋಸ್ ಸಂಸ್ಥೆಗೆ ಅತಿಥಿಯಾಗಿ ಬಂದು ನಮ್ಮ ನಾಡಿನ ಸಸ್ಯಗಳನ್ನು ಪ್ರೀತಿಯಿಂದ ಅಭ್ಯಸಿಸಿದವನೂ ಅವನೇ. ಉಷ್ಣವಲಯದಲ್ಲಿ ಹುಟ್ಟಿದ ಅನೇಕ ಸಸ್ಯಗಳು ನೀರು ಹೆಪ್ಪುಗಟ್ಟುವುದಕ್ಕಿಂತ ಬಹಳ ಮೊದಲೇ, ಅಂದರೆ ಸುಮಾರು 10ರಿಂದ 12 ಡಿಗ್ರಿಗಿಂತ ಕೆಳಗಿಳಿದೊಡನೆಯೇ, ಪೀಡೆಗೊಳಗಾಗುತ್ತವೆ. ಶೀತಲಪೆಟ್ಟಿಗೆಯಲ್ಲಿಟ್ಟ ಬಾಳೆಯಹಣ್ಣಿನ ಸಿಪ್ಪೆ ಕಪ್ಪಾಗುವುದು ಇದೇ ಪೀಡೆಯ ಲಕ್ಷಣ.

ಇದರ ಮರ್ಮವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಪುಷ್ಯಮಾಸದ ಬೆಳಗ್ಗೆ ಅಡಿಗೆಯ ಮನೆಯ ಎಣ್ಣೆಗಳನ್ನು ನೋಡಿದರೆ ಸಾಕು. ತೆಂಗಿನೆಣ್ಣೆಯು ಸೀಸೆಯೊಳಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದರ ಪಕ್ಕದಲ್ಲಿಯೇ ಇರುವ ಕುಸುಬೆಯ ಎಣ್ಣೆಯು ಏನೂ ಆಗದಂತೆ ಹರಿಯುತ್ತಿರುತ್ತದೆ. ಮೊದಲನೆಯದರಲ್ಲಿ ಸಂತೃಪ್ತ ಮೇದಾಮ್ಲಗಳು ಅಧಿಕ. ಅವುಗಳ ಅಣುಗಳು ನೆಟ್ಟಗಿರುವುದರಿಂದ ಒತ್ತೊತ್ತಾಗಿ ಕೂಡಿಕೊಂಡು ಬೇಗ ಗಡುಸಾಗುತ್ತವೆ. ಎರಡನೆಯದರಲ್ಲಿ ಅಸಂತೃಪ್ತವಾದುವು ಅಧಿಕ. ನಡುವೆ ಬಾಗಿರುವ ಅವುಗಳ ಅಣುಗಳು ಅಷ್ಟು ಸುಲಭವಾಗಿ ಒತ್ತುಗೂಡಲಾರವು. ಸಸ್ಯದ ಪ್ರತಿಯೊಂದು ಜೀವಕೋಶವನ್ನೂ ಸುತ್ತಿರುವ ಪೊರೆಯು ಇಂತಹ ಮೇದಸ್ಸಿನಿಂದಲೇ ರಚಿತವಾದುದು; ಅದು ದ್ರವದಂತೆ ಮೃದುವಾಗಿರುವವರೆಗೆ ಮಾತ್ರ ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಟ್ಟುಕೊಂಡು ತನ್ನ ಕಾರ್ಯವನ್ನು ನಡೆಸಬಲ್ಲುದು. ಚಳಿಯಲ್ಲಿ ಪೊರೆ ಗಡುಸಾದರೆ ಅಲ್ಲಲ್ಲಿ ಬಿರುಕುಬಿಟ್ಟಂತಾಗಿ ಲವಣಗಳು ಸೋರುತ್ತವೆ, ಉಸಿರಾಟದ ಕ್ರಮ ತಪ್ಪುತ್ತದೆ, ಎಲೆ ಕಂದುತ್ತದೆ. ಇದು ಬರಿಯ ಊಹೆಯಲ್ಲ. 1992ರಲ್ಲಿ ಜಪಾನಿನ ನೋರಿಯೋ ಮುರಾತ ಮತ್ತು ಅವರ ಸಂಗಡಿಗರು, ಹೊಗೆಸೊಪ್ಪಿನ ಗಿಡಕ್ಕೆ ಈ ಮೇದಸ್ಸಿನ ಸಂತೃಪ್ತಿಯನ್ನು ನಿಯಮಿಸುವ ಜೀನನ್ನು ಬೇರೆ ಸಸ್ಯಗಳಿಂದ ತಂದು ಸೇರಿಸಿ, ಚಳಿಯನ್ನು ತಡೆಯುವ ಮತ್ತು ಚಳಿಗೆ ಸೋಲುವ ಗಿಡಗಳೆರಡನ್ನೂ ತಮ್ಮ ಇಚ್ಛಾನುಸಾರ ಪಡೆದು ತೋರಿಸಿದರು.

ಬೇರಿನ ಕಷ್ಟವು ಇನ್ನೊಂದು ಬಗೆಯದು. ತಣ್ಣಗಾದ ಬೇರು ನೀರನ್ನು ಹೀರಲಾರದು; ಬೆಳಗಿನ ಬಿಸಿಲು ಎಲೆಯಿಂದ ಆವಿಯನ್ನು ಎಳೆಯತೊಡಗಿದಾಗ ಕೆಳಗಿನಿಂದ ಪೂರೈಕೆ ಬಾರದೆ, ಮಣ್ಣು ಒದ್ದೆಯಾಗಿದ್ದರೂ ಗಿಡವು ಸೊರಗಿ ಜೋಲುತ್ತದೆ. ಹೊಗೆಸೊಪ್ಪು ಮತ್ತು ಕುಂಬಳದ ಗಿಡಗಳಲ್ಲಿ ಯೂಲಿಯಸ್ ಸಾಕ್ಸ್ ಎಂಬ ಜರ್ಮನ್ ಪಂಡಿತನು ಹಿಂದಿನ ಶತಮಾನಕ್ಕೂ ಹಿಂದೆಯೇ ಇದನ್ನು ಗಮನಿಸಿದ್ದನು. ಜೋತ ಗಿಡವನ್ನು ಕಂಡು ಬಾಯಾರಿದೆಯೆಂದು ಭಾವಿಸಿ ಸಂಜೆಯಲ್ಲಿ ಮತ್ತಷ್ಟು ತಣ್ಣೀರು ಸುರಿಯುವವರು, ಪ್ರೀತಿಯಿಂದಲೇ ಆದರೂ, ಆ ಬೇರಿಗೆ ಇನ್ನಷ್ಟು ಅಪಕಾರವನ್ನೇ ಮಾಡುತ್ತಾರೆ.

ಇಷ್ಟು ತಿಳಿದ ಮೇಲೂ ಒಂದು ಶಂಕೆ ಉಳಿಯುತ್ತದೆ. ಪತ್ರಿಕೆಯಲ್ಲಿ ನಗರದ ಕನಿಷ್ಠ ಉಷ್ಣತೆ 13 ಡಿಗ್ರಿ ಎಂದು ಅಚ್ಚಾಗಿರುವ ದಿನವೂ ಮಾಳಿಗೆಯ ತುಳಸಿ ಕಪ್ಪಾಗಿರುತ್ತದೆ. ಅದೇ ಓಣಿಯಲ್ಲಿ, ಕೆಳಗೆ ಹೊಸ್ತಿಲ ಬಳಿ ಇಟ್ಟ ತುಳಸಿಯು ಹಸಿರಾಗಿಯೇ ಇರುತ್ತದೆ. ಚಳಿಯು ಗಾಳಿಯಲ್ಲಿ ಮಾತ್ರ ಇದ್ದಿದ್ದರೆ ಹೀಗಾಗಲು ಕಾರಣವಿರಲಿಲ್ಲ. ಮಾಗಿಯಲ್ಲಿ ನಮ್ಮ ಗಿಡಗಳ ನಿಜವಾದ ವೈರಿಯು ಗಾಳಿಯಲ್ಲ, ಮೋಡವಿಲ್ಲದ ಆಕಾಶ. ಇದನ್ನು ಮನಗಾಣದೆ ಮಾಡಿದ ರಕ್ಷಣೆಯೆಲ್ಲವೂ ಅರ್ಧ ರಕ್ಷಣೆಯೇ.

ಜಗತ್ತಿನ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹಗಲಿರುಳೂ ಹೊರಸೂಸುತ್ತಿರುತ್ತದೆ. 15 ಡಿಗ್ರಿ ಉಷ್ಣತೆಯ ಮೇಲ್ಮೈಯೊಂದು ಪ್ರತಿ ಚದರ ಮೀಟರಿಗೆ ಸುಮಾರು 390 ವಾಟ್‌ನಷ್ಟು ಶಾಖವನ್ನು ಹೀಗೆ ಚೆಲ್ಲುತ್ತದೆ. ಎದುರಿಗೆ ಗೋಡೆಯಿದ್ದರೆ, ಛಾವಣಿಯಿದ್ದರೆ, ಮೋಡವಿದ್ದರೆ, ಅವೂ ಹೆಚ್ಚುಕಡಿಮೆ ಅಷ್ಟನ್ನೇ ಹಿಂದಿರುಗಿಸುವುದರಿಂದ ಲೆಕ್ಕ ಸರಿಹೋಗುತ್ತದೆ. ಆದರೆ ಈಶಾನ್ಯದ ಒಣಗಾಳಿ ಬೀಸಿ, ನೀರಾವಿ ಕಡಿಮೆಯಾಗಿ, ನಕ್ಷತ್ರಗಳು ಸ್ವಚ್ಛವಾಗಿ ಹೊಳೆಯುವ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಆಕಾಶದಿಂದ ಮರಳಿ ಬರುವುದು ಅದರ ಮುಕ್ಕಾಲು ಪಾಲು ಮಾತ್ರ. ಉಳಿದುದು ಗಿಡಕ್ಕೆ ನಷ್ಟ. ಆದುದರಿಂದ ನಿಶ್ಚಲವಾದ ರಾತ್ರಿಯಲ್ಲಿ ಆಕಾಶಕ್ಕೆ ತೆರೆದುಕೊಂಡ ಎಲೆಯು ತನ್ನ ಸುತ್ತಲಿನ ಗಾಳಿಗಿಂತಲೂ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಹವಾಮಾನ ಇಲಾಖೆಯ ಉಷ್ಣತಾಮಾಪಕವಾದರೋ ಬಿಳಿಯ ಬಣ್ಣ ಬಳಿದ, ಛಾವಣಿಯುಳ್ಳ ಮರದ ಗೂಡಿನೊಳಗಿರುತ್ತದೆ. ಅದು ಆಕಾಶವನ್ನು ಕಾಣುವುದೇ ಇಲ್ಲ. ಗೂಡಿನಲ್ಲಿ 12 ಡಿಗ್ರಿಯೆಂದರೆ ಬಯಲಿನ ಎಲೆಗೆ 9 ಡಿಗ್ರಿ ಎಂದು ತಿಳಿಯಬಹುದು. ಬೇಗಂ ಬಜಾರಿನ ಇಕ್ಕಟ್ಟಾದ ಓಣಿಯ ತಳದಲ್ಲಿ ನಿಂತವನಿಗೆ ಆಕಾಶವು ಒಂದು ಸೀಳಿನಷ್ಟೇ ಕಾಣಿಸುತ್ತದೆ. ಹಗಲೆಲ್ಲ ಕಾದ ಗೋಡೆಗಳು ರಾತ್ರಿಯೆಲ್ಲ ಒಂದನ್ನೊಂದು ಬೆಚ್ಚಗಿಡುತ್ತವೆ. ಮಾಳಿಗೆಯಾದರೋ ದಿಗಂತದಿಂದ ದಿಗಂತದವರೆಗಿನ ಆಕಾಶಕ್ಕೆ ಮೈಯೊಡ್ಡಿ ಮಲಗಿರುತ್ತದೆ.

ಈ ಸತ್ಯವನ್ನು ಕೈಯಾರೆ ಅಳೆದು ನೋಡಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿಯನ್ನು ಕುರಿತು 1814ರಲ್ಲಿ ಅವನು ಪ್ರಕಟಿಸಿದ ಚಿಕ್ಕ ಪ್ರಬಂಧವು, ನನ್ನ ಅಭಿಪ್ರಾಯದಲ್ಲಿ, ತೋಟ ಮಾಡುವ ಪ್ರತಿಯೊಬ್ಬರೂ ಓದಬೇಕಾದ ಗ್ರಂಥ. ತೋಟಗಾರರು ನಾಜೂಕಾದ ಗಿಡಗಳ ಮೇಲೆ ತೆಳ್ಳನೆಯ ಚಾಪೆಯನ್ನು ಹೊದಿಸುವುದನ್ನು ಕಂಡು, ಇಷ್ಟು ಜಾಳಾದ ವಸ್ತು ಚಳಿಯನ್ನು ತಡೆದೀತೆ ಎಂದು ಮೊದಲು ನಕ್ಕಿದ್ದ ಆತನೇ, ಆಮೇಲೆ ಹುಲ್ಲಿನ ನಡುವೆ ನಾಲ್ಕು ಸಣ್ಣ ಕಡ್ಡಿಗಳನ್ನು ನೆಟ್ಟು, ಹುಲ್ಲಿಗಿಂತ 6 ಅಂಗುಲ ಎತ್ತರದಲ್ಲಿ ನವುರಾದ ಬಟ್ಟೆಯ ಕರವಸ್ತ್ರವೊಂದನ್ನು ಕಟ್ಟಿ, ರಾತ್ರಿ ರಾತ್ರಿ ಎದ್ದು ಉಷ್ಣತೆಯನ್ನು ಅಳೆದನು. ಒಂದು ರಾತ್ರಿ ಬಯಲಿನ ಹುಲ್ಲು ಗಾಳಿಗಿಂತ 11 ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿದ್ದಾಗ, ಕರವಸ್ತ್ರದ ಕೆಳಗಿನ ಹುಲ್ಲು ಗಾಳಿಗಿಂತ ತಣ್ಣಗಿದ್ದುದು 3 ಡಿಗ್ರಿ ಮಾತ್ರ. ಸುತ್ತಲೂ ಗಾಳಿಯಾಡಲು ಅಡ್ಡಿಯಿಲ್ಲದ ಆ ಅರಿವೆಯು ಶಾಖವನ್ನು ಸೃಷ್ಟಿಸಲಿಲ್ಲ, ಗಾಳಿಯನ್ನು ಬಂಧಿಸಲೂ ಇಲ್ಲ. ಹುಲ್ಲಿಗೂ ಆಕಾಶಕ್ಕೂ ನಡುವೆ ನಿಂತಿತು, ಅಷ್ಟೆ. ಅರಿವೆಯು ಹುಲ್ಲನ್ನು ಮುಟ್ಟುವಂತೆ ಹಾಸಿದಾಗ ರಕ್ಷಣೆ ಕಡಿಮೆಯಾಗುವುದನ್ನೂ ಅವನು ಕಂಡನು. ಏಕೆಂದರೆ ಬಟ್ಟೆಯು ತಾನೇ ಆಕಾಶಕ್ಕೆ ಶಾಖವನ್ನು ಚೆಲ್ಲಿ ತಣ್ಣಗಾಗಿ, ತಾಕಿದ ಎಲೆಗೂ ಆ ತಂಪನ್ನು ದಾಟಿಸುತ್ತದೆ.

ಇದೇ ಆಕಾಶದ ತಂಪನ್ನು ನಮ್ಮ ದೇಶದವರು ಉಪಯೋಗಕ್ಕೆ ತಂದುಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅಲಹಾಬಾದಿನಲ್ಲಿ, ತಗ್ಗಿನಲ್ಲಿ ಕಬ್ಬಿನ ಒಣದಂಟುಗಳನ್ನು ಹಾಸಿ, ಅದರ ಮೇಲೆ ಮೆರುಗಿಲ್ಲದ ಮಣ್ಣಿನ ಪರಟೆಗಳಲ್ಲಿ ತೆಳುವಾಗಿ ನೀರು ತುಂಬಿಟ್ಟು, ಬೆಳಗಾಗುವುದರೊಳಗೆ ಮಂಜುಗಡ್ಡೆಯನ್ನು ಪಡೆಯುತ್ತಿದ್ದ ಕ್ರಮವನ್ನು ರಾಬರ್ಟ್ ಬಾರ್ಕರ್ ಎಂಬಾತನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರ್ಣಿಸಿದನು. ಯಾವ ವಿದ್ಯೆಯಿಂದ ನೀರು ಗಡ್ಡೆಯಾಯಿತೋ ಅದನ್ನು ತಡೆಯುವುದೇ ಗಿಡವನ್ನು ಉಳಿಸುವ ವಿದ್ಯೆ.

ಅಂದ ಮೇಲೆ ಬೇಗಂ ಬಜಾರಿನ ಮಾಳಿಗೆಯ ಮೇಲೆ ಮಾಡತಕ್ಕುದು ಸ್ವಲ್ಪವೇ. ಕುಂಡಗಳನ್ನು ಬಿಡಿಬಿಡಿಯಾಗಿ ಕಟ್ಟೆಯ ಮೇಲಿಡದೆ, ಪಶ್ಚಿಮದ ಬಿಸಿಲು ಬಿದ್ದು ಕಾಯುವ ಗೋಡೆಯೊಂದರ ಬುಡಕ್ಕೆ ಒತ್ತಾಗಿ ನೆಲದ ಮೇಲೆಯೇ ಸೇರಿಸಿ, ನಾಲ್ಕು ಬಿದಿರ ಗಳುಗಳ ಮೇಲೆ ಎಲೆಗಳಿಗೆ ತಾಕದಂತೆ ಗೋಣಿತಟ್ಟಿನ ಚಪ್ಪರವನ್ನು ಹರಡಬೇಕು. ಅರಿಸಿನವೋ ಧನಿಯವೋ ತುಂಬಿ ಬಂದು ಬರಿದಾದ ಗೋಣಿಚೀಲಗಳಿಗೆ ಈ ಪೇಟೆಯಲ್ಲಿ ಕೊರತೆಯೇ? ಸೂರ್ಯ ಮುಳುಗುವ ಮುನ್ನವೇ ಇದನ್ನು ಹರಡುವುದು ಲೇಸು. ಮಾಳಿಗೆಯ ಗಚ್ಚು ಹಗಲಲ್ಲಿ ಕುಡಿದ ಬಿಸಿಲನ್ನು ಸಂಜೆಯಿಂದಲೇ ಹೊರಗೆಡಹಲು ಮೊದಲಿಡುತ್ತದೆ, ಆ ಶಾಖವು ಚಪ್ಪರದಡಿಯಲ್ಲಿಯೇ ಉಳಿಯಬೇಕು. ಬೆಳಗ್ಗೆ ಬೆಳಕು ಹರಿದೊಡನೆ ಕಿತ್ತೊಗೆಯುವುದೂ ಬೇಡ. ಚಳಿಯಿಂದ ಮರಗಟ್ಟಿದ ಎಲೆಯು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಆಹಾರವಾಗಿ ಪರಿಣಮಿಸಲಾರದೆ, ಆ ಹೆಚ್ಚುವರಿ ಬೆಳಕಿನಿಂದಲೇ ಸುಟ್ಟಂತೆ ಬಿಳಿಚುತ್ತದೆ. ಗಾಳಿ ಸ್ವಲ್ಪ ಬೆಚ್ಚಗಾದ ಮೇಲೆ ತೆಗೆದರೆ ಸಾಕು.

ಅಂಗಡಿಗಳಲ್ಲಿ ರಾಶಿಬಿದ್ದಿರುವ ಅಗ್ಗದ ಪಾಲಿಥೀನ್ ಹಾಳೆಯನ್ನು ಅನೇಕರು ಗೋಣಿಗಿಂತ ಮೇಲೆಂದು ಎಣಿಸುತ್ತಾರೆ. ಹಾಗಲ್ಲ. ತೆಳುವಾದ ಪಾಲಿಥೀನು ಕಣ್ಣಿನ ಬೆಳಕಿಗೆ ಹೇಗೋ ಹಾಗೆಯೇ ಶಾಖಕಿರಣಗಳಿಗೂ ಬಹುಮಟ್ಟಿಗೆ ಪಾರದರ್ಶಕವಾದುದು. ಗಾಳಿಯನ್ನು ತಡೆದೀತೇ ಹೊರತು, ಎಲೆಯಿಂದ ಆಕಾಶಕ್ಕೆ ಹರಿಯುವ ಶಾಖವನ್ನು ಚೆನ್ನಾಗಿ ತಡೆಯಲಾರದು. ತೂತುಗಳಿರುವ ಗೋಣಿಯು ಅದಕ್ಕಿಂತ ಒಳ್ಳೆಯ ಛಾವಣಿ.

ನೀರನ್ನು ಬೆಳಗಿನ ಹೊತ್ತು ಏರಿದ ಮೇಲೆ, ಮಿತವಾಗಿ ಹಾಕಬೇಕು. ಮಣ್ಣಿನ ಕುಂಡದ ಹೊರಮೈಯಿಂದ ರಾತ್ರಿಯೂ ನೀರು ಆವಿಯಾಗುತ್ತಾ, ಬೇಸಿಗೆಯಲ್ಲಿ ನಮಗೆ ಹಿತವಾದ ಆ ತಂಪನ್ನೇ ಮಾಗಿಯಲ್ಲಿ ಬೇರಿಗೆ ಉಣಿಸುವುದರಿಂದ, ಕುಂಡದ ಸುತ್ತಲೂ ಒಣಹುಲ್ಲನ್ನೋ ಹಳೆಯ ಗೋಣಿಯನ್ನೋ ಸುತ್ತುವುದು ಉಪಯುಕ್ತ. ದೀಪಾವಳಿಯ ಅನಂತರ ಸಾರಜನಕದ ಗೊಬ್ಬರವನ್ನು ನಿಲ್ಲಿಸಬೇಕು. ಅದರಿಂದ ಚಿಗುರುವ ಎಳೆಯ ಕುಡಿಗಳೇ ಚಳಿಗೆ ಮೊದಲು ಬಲಿಯಾಗುತ್ತವೆ.

ಎಲ್ಲ ಗಿಡಗಳಿಗೂ ಈ ಉಪಚಾರ ಬೇಕಾಗಿಲ್ಲ. ಮಲ್ಲಿಗೆಯು ಮಾಗಿಯಲ್ಲಿ ವಿಶ್ರಾಂತಿ ಬಯಸುವ ಗಿಡ. ಅದಕ್ಕೆ ನೀರು ತಗ್ಗಿಸಿ ಕೊಂಬೆ ಸವರಿದರೆ ಬೇಸಿಗೆಯಲ್ಲಿ ಅದು ಹೂವಿನಿಂದ ಋಣ ತೀರಿಸುತ್ತದೆ. ತುಳಸಿಯ ವಿಷಯದಲ್ಲಿಯೂ ಎಲ್ಲ ದೋಷವನ್ನು ಚಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾರ್ತಿಕದಲ್ಲಿ ತುಂಬಿಬಂದ ಮಂಜರಿಗಳನ್ನು ಹಾಗೆಯೇ ಬಿಟ್ಟರೆ ಗಿಡವು ತನ್ನ ಸತ್ವವನ್ನೆಲ್ಲ ಬೀಜಕ್ಕೆ ಧಾರೆಯೆರೆದು, ಚಳಿಯಿರಲಿ ಬಿಡಲಿ, ಸೊರಗುತ್ತದೆ. ಬಿತ್ತನೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಚಿವುಟಿದರೆ ಆಯುಸ್ಸು ಹೆಚ್ಚುತ್ತದೆ.

ಇವೆಲ್ಲಕ್ಕಿಂತ ಸುಕುಮಾರವಾದುದು ವೀಳ್ಯದ ಬಳ್ಳಿ. ನಮ್ಮ ಎಲೆತೋಟದ ರೈತರು ಅದನ್ನು ಎಂದೂ ಬರಿಯ ಆಕಾಶದ ಕೆಳಗೆ ಬೆಳೆಸಿದವರಲ್ಲ. ಅಗಸೆ, ನುಗ್ಗೆ, ಹಾಲವಾಣದ ಮರಗಳಿಗೆ ಹಬ್ಬಿಸಿ, ಅಂಚಿನಲ್ಲಿ ಬಾಳೆಯ ಸಾಲನ್ನಿಟ್ಟು, ಮೇಲೆ ಎಲೆಗಳ ಛತ್ರಿಯನ್ನೇ ರಚಿಸಿಕೊಟ್ಟರು. ಆ ಛತ್ರಿ ಬೇಸಿಗೆಯಲ್ಲಿ ಬಿಸಿಲನ್ನೂ ಮಾಗಿಯ ರಾತ್ರಿಯಲ್ಲಿ ಶಾಖದ ನಷ್ಟವನ್ನೂ ಒಟ್ಟಿಗೆ ತಡೆಯುತ್ತದೆ. ವೆಲ್ಸನ ಕರವಸ್ತ್ರವು ಮಾಡಿದ ಕೆಲಸವನ್ನು ಅಗಸೆಯ ಗರಿಯೆಲೆಗಳು ತಲೆತಲಾಂತರದಿಂದ ಮಾಡುತ್ತ ಬಂದಿವೆ. ಮಾಳಿಗೆಯ ಮೇಲೆ ವೀಳ್ಯದ ಬಳ್ಳಿಯನ್ನು ಬೆಳೆಸುವವರು ದೊಡ್ಡ ಕುಂಡವೊಂದರಲ್ಲಿ ನುಗ್ಗೆಯನ್ನು ಜೊತೆಗೂಡಿಸಿದರೆ ಗೋಣಿಯ ಶ್ರಮ ಅರ್ಧಕ್ಕಿಳಿಯುತ್ತದೆ.

ಇಷ್ಟಾದರೂ ಕೆಲವು ಕುಡಿಗಳು ಕಪ್ಪಾಗುವುದುಂಟು. ಅವನ್ನು ಕೂಡಲೇ ಕತ್ತರಿಸಿ ಹಾಕುವ ಆತುರ ಬೇಡ. ಸತ್ತ ತುದಿಯೂ ಕೆಳಗಿನ ಬದುಕಿರುವ ಮೊಗ್ಗಿಗೆ ಅಷ್ಟಿಷ್ಟು ಮರೆಯಾಗುತ್ತದೆ, ಕತ್ತರಿಸಿದರೆ ಅಕಾಲದಲ್ಲಿ ಹೊಸ ಚಿಗುರು ಹೊರಟು ಮತ್ತೆ ಚಳಿಗೆ ಸಿಕ್ಕುತ್ತದೆ. ರಥಸಪ್ತಮಿ ಕಳೆದು, ಶಿವರಾತ್ರಿಗೆ ಚಳಿ ಹಿಂದೆಗೆಯುವುದೆಂಬ ಹಿರಿಯರ ಲೆಕ್ಕದಂತೆ ರಾತ್ರಿಗಳು ಬೆಚ್ಚಗಾದಾಗ, ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಹಸಿರು ಎಲ್ಲಿಯವರೆಗೆ ಉಳಿದಿದೆಯೆಂದು ನೋಡಿ, ಅದರ ಮೇಲಿನದನ್ನು ಮಾತ್ರ ಸವರಬೇಕು. ಗೊಬ್ಬರವನ್ನೂ ಆಗಲೇ ಕೊಡಬೇಕು.