ಚಿತ್ರದೊಳಗಿನ ಕಳ್ಳಗಂಡಿ

ಊರು ಬಿಟ್ಟು ಬಂದ ಸಂಸಾರಗಳಿಗೆ ಚಿತ್ರಕ್ಕಿಂತ ಹತ್ತಿರದ ನಂಟ ಮತ್ತೊಬ್ಬನಿಲ್ಲ. ಒಂದು ಕಾಲದಲ್ಲಿ ಧಾರವಾಡದಿಂದಲೋ ಉಡುಪಿಯಿಂದಲೋ ಲಕೋಟೆಯಲ್ಲಿ ಒಂದು ಫೋಟೋ ಬಂದರೆ, ಮನೆಮಂದಿಯೆಲ್ಲ ಸರದಿಯ ಮೇಲೆ ನೋಡಿ, ಹಿಂಬದಿಯ ಬರಹವನ್ನೂ ಓದಿ, ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತಿದ್ದೆವು. ಈಗ ಕೋಥರೂಡಿನಲ್ಲಾಗಲಿ, ಪಿಂಪ್ರಿ-ಚಿಂಚವಾಡದಲ್ಲಾಗಲಿ, ಬೆಳಗಿನ ಕಾಫಿ ಇಳಿಯುವ ಮೊದಲೇ ಹತ್ತಾರು ಚಿತ್ರಗಳು ಫೋನಿಗೆ ಬಂದು ಕುಳಿತಿರುತ್ತವೆ: ಶುಭೋದಯದ ಹೂವು, ಅಣ್ಣನ ಮಗನ ಉಪನಯನದ ಕರೆಯೋಲೆ, ಊರ ಜಾತ್ರೆಯ ತೇರು, ಮೊಮ್ಮಗುವಿನ ಮೊದಲ ಹಲ್ಲು.

ಚಿತ್ರವೆಂದರೆ ನೋಡುವ ವಸ್ತು; ನೋಡಿದ ಮಾತ್ರಕ್ಕೆ ಕೇಡೇನು ಬಂದೀತು ಎಂಬುದು ನಮ್ಮೆಲ್ಲರ ಭಾವನೆ. ಆ ಭಾವನೆ ಬಹುಮಟ್ಟಿಗೆ ಸರಿ; ಆದರೆ ಪೂರ್ತಿ ಸರಿಯಲ್ಲ. ಚಿತ್ರವನ್ನು ತೆರೆದು ತೋರಿಸುವ ಯಂತ್ರಭಾಗದಲ್ಲಿಯೇ ಕೆಲವೊಮ್ಮೆ ದೋಷವಿರುತ್ತದೆ, ಆ ದೋಷದ ಮೂಲಕ ಪರರು ಫೋನಿನೊಳಗೆ ನುಸುಳಬಲ್ಲರು ಎಂಬುದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಮತ್ತೆ ಮತ್ತೆ ಸಿದ್ಧವಾಗಿದೆ. ವಾಚಕರನ್ನು ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಹೆದರಬೇಕಾದುದು ಯಾವುದು, ಹೆದರಬೇಕಿಲ್ಲದ್ದು ಯಾವುದು ಎಂಬ ವಿವೇಕ ನಮಗಿದ್ದರೆ ಸಾಕು.

ಗಂಟು ಬಿಚ್ಚುವ ಕೆಲಸ

ಈಗಿನ ಸಾಮಾನ್ಯ ಫೋನಿನ ಕ್ಯಾಮೆರಾ ಒಂದು ಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳನ್ನು ಹಿಡಿಯುತ್ತದೆ ಎನ್ನೋಣ. ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕೆಗಳು ಬೇಕು. ಇದ್ದುದನ್ನು ಇದ್ದಂತೆಯೇ ಕಳುಹಿಸಿದರೆ 3 ಕೋಟಿ 60 ಲಕ್ಷ ಬೈಟುಗಳ ಹೊರೆಯಾಗುತ್ತದೆ. ಆದುದರಿಂದ ಚಿತ್ರವನ್ನು ಒತ್ತಿ, ಮಡಿಸಿ, ಹತ್ತರಲ್ಲೊಂದು ಪಾಲಿನಷ್ಟು ಸಣ್ಣ ಗಂಟು ಕಟ್ಟಿ ಕಳುಹಿಸುತ್ತಾರೆ. ಜೆಪಿಇಜಿ, ಪಿಎನ್‌ಜಿ, ವೆಬ್‌ಪಿ ಮೊದಲಾದುವು ಈ ಗಂಟು ಕಟ್ಟುವ ಬೇರೆ ಬೇರೆ ಕ್ರಮಗಳು. ಗಂಟು ಸೇರಿದ ಕಡೆಯಲ್ಲಿ ಅದನ್ನು ಬಿಚ್ಚಿ ಮೊದಲಿನಂತೆ ಹರಡುವ ತಂತ್ರಾಂಶವೊಂದು ಬೇಕು. ನಮ್ಮ ಕಥಾನಾಯಕ ಇದೇ.

ಗಂಟಿನ ಮೇಲೆ ಒಂದು ಚೀಟಿ ಇರುತ್ತದೆ: ಅಗಲ ಇಷ್ಟು, ಎತ್ತರ ಇಷ್ಟು, ಒಳಗಿನ ಸಾಮಾನು ಇಷ್ಟು. ಬಿಚ್ಚುವವನು ಆ ಚೀಟಿಯನ್ನು ಓದಿ ಅದಕ್ಕೆ ತಕ್ಕ ಪಾತ್ರೆಯನ್ನು ಸಿದ್ಧಮಾಡಿಕೊಳ್ಳುತ್ತಾನೆ. ಚೀಟಿಯಲ್ಲಿ ಒಂದು ಸೇರು ಎಂದು ಬರೆದು ಚೀಲದಲ್ಲಿ ನಾಲ್ಕು ಸೇರು ತುಂಬಿಸಿದ್ದರೆ? ಎಚ್ಚರವುಳ್ಳ ಗೃಹಿಣಿ ಪಾತ್ರೆ ತುಂಬಿದೊಡನೆ ಕೈ ತಡೆಯುತ್ತಾಳೆ. ಯಂತ್ರಕ್ಕೆ ಆ ಎಚ್ಚರವನ್ನು ಯಾರೂ ಕಲಿಸದಿದ್ದರೆ ಅದು ಸುರಿಯುತ್ತಲೇ ಇರುತ್ತದೆ. ಉಕ್ಕಿದ್ದು ಪಕ್ಕದ ಪಾತ್ರೆಗೆ ಬೀಳುತ್ತದೆ. ಫೋನಿನ ನೆನಪಿನ ಅಟ್ಟದಲ್ಲಿ ಆ ಪಕ್ಕದ ಪಾತ್ರೆಯೊಳಗೆ “ಮುಂದೆ ಏನು ಮಾಡಬೇಕು” ಎಂಬ ಆಜ್ಞೆಗಳೂ ಇರುವುದುಂಟು. ಉಕ್ಕಿ ಬಿದ್ದದ್ದು ಬರಿಯ ಅಕ್ಕಿಯಾದರೆ ಯಂತ್ರ ಗಲಿಬಿಲಿಗೊಂಡು ನಿಲ್ಲುತ್ತದೆ, ಅಷ್ಟೆ. ಆದರೆ ಜಾಣ ಕಳ್ಳನು ಅಳೆದು ಜೋಡಿಸಿದ ಕಾಳುಗಳಾದರೆ, ಹಳೆಯ ಆಜ್ಞೆಯ ಜಾಗದಲ್ಲಿ ಕಳ್ಳನ ಆಜ್ಞೆ ಕುಳಿತುಬಿಡುತ್ತದೆ. ಆಮೇಲೆ ಫೋನು ಇರುವುದು ನಮ್ಮ ಕೈಯಲ್ಲಿ. ಮಾತು ಕೇಳುವುದು ಅವನದನ್ನು.

ಎಲ್ಲರಿಗೂ ಒಂದೇ ಗಿರಣಿ

ಗಂಟು ಬಿಚ್ಚುವ ಇಂಥ ತಂತ್ರಾಂಶಗಳಿಗೆ ಲೈಬ್ರರಿ ಎಂಬ ಹೆಸರಿದೆ. ಪುಸ್ತಕಗಳ ಲೈಬ್ರರಿಯಲ್ಲ; ಒಮ್ಮೆ ಬರೆದಿಟ್ಟು ಎಲ್ಲರೂ ಬಳಸುವ ಕಸುಬಿನ ಭಂಡಾರ. ಇದನ್ನು ಪೇಟೆಯ ಹಿಟ್ಟಿನ ಗಿರಣಿಗೆ ಹೋಲಿಸಬಹುದು. ಮನೆಮನೆಗೊಂದು ಗಿರಣಿ ಯಾರೂ ಇಡುವುದಿಲ್ಲ. ಒಂದೇ ಗಿರಣಿಯಲ್ಲಿ ಎಲ್ಲರ ಜೋಳವೂ ಬೀಸಲ್ಪಡುತ್ತದೆ. ಆ ಕಲ್ಲಿನ ಚೂರೊಂದು ಉದುರಿದರೆ ಅಂದು ಬೀದಿಯ ಎಲ್ಲ ಮನೆಗಳ ರೊಟ್ಟಿಯಲ್ಲೂ ಕಲ್ಲು! 1991ರಲ್ಲಿ ಹೊರಬಂದ ಲಿಬ್‌ಜೆಪಿಇಜಿ, 1995ರಲ್ಲಿ ಆರಂಭವಾದ ಲಿಬ್‌ಪಿಎನ್‌ಜಿ ಇಂಥ ಗಿರಣಿಗಳು. ಬೆರಳೆಣಿಕೆಯ ಜನರು ಬರೆದು ಉಚಿತವಾಗಿ ಕೊಟ್ಟ ಇವು ಜಗತ್ತಿನ ಅಸಂಖ್ಯ ಯಂತ್ರಗಳಲ್ಲಿ ಕೆಲಸ ಮಾಡುತ್ತಿವೆ. ಉಪಕಾರ ದೊಡ್ಡದು, ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹರಡುವ ಅಪಾಯವೂ ಅಷ್ಟೇ ದೊಡ್ಡದು.

ಒಂದು ಸೊನ್ನೆಯ ಕಥೆ

ತಪ್ಪು ಎಷ್ಟು ಸಣ್ಣದಿರಬಹುದೆಂಬುದಕ್ಕೆ ಒಂದು ನಿದರ್ಶನ. ಜೆಪಿಇಜಿ ಚಿತ್ರದೊಳಗೆ ಟಿಪ್ಪಣಿ ಬರೆಯಲು ಒಂದು ಸ್ಥಳವಿದೆ. ಟಿಪ್ಪಣಿಯ ಉದ್ದವನ್ನು ಮೊದಲು ಎರಡು ಬೈಟುಗಳಲ್ಲಿ ನಮೂದಿಸಬೇಕು. ಆ ಎರಡು ಬೈಟುಗಳೂ ಲೆಕ್ಕದಲ್ಲಿ ಸೇರಿರಬೇಕೆಂಬುದು ನಿಯಮ. ಎಂದರೆ, ಟಿಪ್ಪಣಿ ಖಾಲಿಯಿದ್ದರೂ ಉದ್ದ 2 ಇರಲೇಬೇಕು. ಬಿಚ್ಚುವ ತಂತ್ರಾಂಶ ಆ ಅಂಕೆಯಿಂದ 2 ಕಳೆದು, ಉಳಿದಷ್ಟನ್ನು ನಕಲು ಮಾಡಿಕೊಳ್ಳುತ್ತದೆ. ಕಿಡಿಗೇಡಿಯೊಬ್ಬನು ಅಲ್ಲಿ 0 ಎಂದು ಬರೆದರೆ? ಸೊನ್ನೆಯಿಂದ ಎರಡು ಕಳೆದರೆ ಋಣ ಎರಡು. ಋಣಸಂಖ್ಯೆಯನ್ನು ಅರಿಯದ ಲೆಕ್ಕದಲ್ಲಿ ಯಂತ್ರ ಅದನ್ನು 429 ಕೋಟಿ 49 ಲಕ್ಷ 67 ಸಾವಿರದ 294 ಎಂದು ಓದಿಕೊಂಡು, ಅಷ್ಟನ್ನೂ ಸುರಿಯಲು ತೊಡಗುತ್ತದೆ!

ಈ ದೋಷವನ್ನು ನೆಟ್‌ಸ್ಕೇಪ್ ಬ್ರೌಸರಿನಲ್ಲಿ 2000ನೆಯ ಇಸವಿಯಲ್ಲಿ ಕಂಡುಹಿಡಿದು ಬಹಿರಂಗಪಡಿಸಿದ್ದರು. ನಾಲ್ಕು ವರ್ಷಗಳ ಬಳಿಕ, 2004ರ ಸೆಪ್ಟೆಂಬರಿನಲ್ಲಿ, ಇದೇ ಬಗೆಯ ದೋಷ ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ ತಂತ್ರಾಂಶಗಳಲ್ಲಿಯೂ ಸಿಕ್ಕಿತು. ಒಬ್ಬರ ಮನೆಯಲ್ಲಿ ಕಳವಾದ ಸುದ್ದಿ ಕೇಳಿಯೂ ಪಕ್ಕದ ಮನೆಯವರು ಅಗುಳಿ ಹಾಕದಿದ್ದಂತೆ ಆಯಿತು.

ಎಲ್ಲ ದೋಷಗಳೂ ಕಳ್ಳರಿಂದಲೇ ಬೆಳಕಿಗೆ ಬರುವುದಿಲ್ಲ. ನಮ್ಮ ನೆರೆಯ ತೆಲುಗಿನ ಒಂದು ಒತ್ತಕ್ಷರ ಬಂದೊಡನೆ ಐಫೋನಿನ ಸಂದೇಶದ ಕಿಟಕಿಯೇ ಮುಚ್ಚಿಹೋಗುತ್ತಿದ್ದುದು 2018ರ ಫೆಬ್ರುವರಿಯ ಸುದ್ದಿ. ಅಕ್ಷರವನ್ನು ಮೂಡಿಸುವುದೂ ಯಂತ್ರಕ್ಕೆ ಚಿತ್ರ ಬಿಡಿಸುವ ಕೆಲಸವೇ ಅಲ್ಲವೆ? ಅದೇ ತಿಂಗಳು ಆಪಲ್ ಸಂಸ್ಥೆ ಅದನ್ನು ಸರಿಪಡಿಸಿತು.

2023ರ ಸೆಪ್ಟೆಂಬರ್

ಇತ್ತೀಚಿನ ದೊಡ್ಡ ಪ್ರಕರಣ ವೆಬ್‌ಪಿಯದು. ಗೂಗಲ್ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ, 1952ರಲ್ಲಿ ಡೇವಿಡ್ ಹಫ್‌ಮನ್ ಪ್ರಕಟಿಸಿದ ಒಂದು ಸೊಗಸಾದ ಉಪಾಯವನ್ನು ಬಳಸಿದ್ದಾರೆ. ಹೆಚ್ಚಾಗಿ ಬರುವ ಬಣ್ಣಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ತಾರು ಕಚೇರಿಯ ಮೋರ್ಸ್ ಸಂಕೇತದಲ್ಲಿಯೂ ಇದೇ ತತ್ತ್ವ. ಬಿಚ್ಚುವಾಗ ಯಾವ ಸಂಕೇತಕ್ಕೆ ಯಾವ ಬೆಲೆ ಎಂಬ ಕೋಷ್ಟಕವನ್ನು ಕಟ್ಟಿಕೊಳ್ಳಬೇಕು. ನಿಯಮದಂತೆ ಬರೆದ ಚಿತ್ರಕ್ಕೆ ಎಷ್ಟು ದೊಡ್ಡ ಕೋಷ್ಟಕ ಬೇಕಾದೀತೆಂದು ಮೊದಲೇ ಗುಣಿಸಿ, ಅಷ್ಟೇ ಸ್ಥಳವನ್ನು ಇಟ್ಟಿದ್ದರು. ನಿಯಮ ಮೀರಿ ಬರೆದ ಚಿತ್ರ ಬಂದರೆ, ಅದು ತಪ್ಪೆಂದು ತಿಳಿಯುವ ಮೊದಲೇ ಕೋಷ್ಟಕ ಆ ಸ್ಥಳವನ್ನು ದಾಟಿ ಬೆಳೆದಿರುತ್ತಿತ್ತು. ತೂಗಿ ಸುರಿಯಬೇಕಾದ ಕಡೆ ಸುರಿದು ತೂಗಿದರು.

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನ ಕೇಂದ್ರದವರು ವಾಷಿಂಗ್ಟನ್ನಿನ ಒಂದು ಸೇವಾಸಂಸ್ಥೆಯ ನೌಕರರ ಐಫೋನನ್ನು ಪರೀಕ್ಷಿಸಿದಾಗ, ಚಿತ್ರದ ಮೂಲಕ ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶ ಒಳಹೊಕ್ಕುದು ಕಂಡಿತು. ಫೋನಿನ ಒಡೆಯರು ಏನನ್ನೂ ಒತ್ತಿರಲಿಲ್ಲ, ತೆರೆದಿರಲಿಲ್ಲ. ಆಪಲ್ ಸೆಪ್ಟೆಂಬರ್ 7ರಂದು ತಿದ್ದುಪಡಿ ಹೊರಡಿಸಿತು, ವೆಬ್‌ಪಿಯ ದೋಷಕ್ಕೆ ಗೂಗಲ್ ತನ್ನ ಕ್ರೋಮ್ ಬ್ರೌಸರಿನಲ್ಲಿ 11ರಂದು ತಿದ್ದುಪಡಿ ತಂದಿತು, ಮರುದಿನ ಫೈರ್‌ಫಾಕ್ಸ್. ಗಿರಣಿ ಒಂದೇ ಆದುದರಿಂದ ಹಿಟ್ಟು ಒಯ್ದವರೆಲ್ಲರೂ ಸಾಣಿಗೆ ಹಿಡಿಯಬೇಕಾಯಿತು.

ಇದಕ್ಕೂ ಎರಡು ವರ್ಷ ಹಿಂದೆ, 2021ರಲ್ಲಿ, ಇದೇ ಪೆಗಾಸಸ್ ಮತ್ತೊಂದು ದಾರಿ ಹಿಡಿದಿತ್ತು. ಹೊರಗೆ ಜಿಐಎಫ್ ಚಿತ್ರದ ಹೆಸರು. ಒಳಗೆ ಪಿಡಿಎಫ್ ಕಾಗದ. ಅದರೊಳಗೆ, ಸ್ಕ್ಯಾನ್ ಮಾಡಿದ ಕಾಗದಗಳನ್ನು ಮಡಿಸಲು ಬಳಸುವ ಜೆಬಿಐಜಿ2 ಎಂಬ ಹಳೆಯ ಕ್ರಮ. ಆ ಹಳೆಯ ಕ್ರಮದ 70,000ಕ್ಕೂ ಹೆಚ್ಚು ಪುಟ್ಟ ಆಜ್ಞೆಗಳನ್ನು ಪೋಣಿಸಿ, ಚಿತ್ರದೊಳಗೇ ಒಂದು ಸಣ್ಣ ಗಣಕಯಂತ್ರವನ್ನು ಕಟ್ಟಿದ್ದರೆಂದು ಗೂಗಲಿನ ಸಂಶೋಧಕರು ಬಿಚ್ಚಿ ತೋರಿಸಿದರು. ಇಂಥ ಬುದ್ಧಿಯನ್ನು ಒಳ್ಳೆಯದಕ್ಕೆ ಬಳಸಬಾರದಾಗಿತ್ತೆ ಎಂದು ಮರುಗುವಂತಾಗುತ್ತದೆ.

ನಮ್ಮ ದೇಶ, ನಮ್ಮ ಊರು

ಪೆಗಾಸಸ್ ವಿಚಾರ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಶ್ರೀ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ 2021ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ನೇಮಕವಾಯಿತು. ಸಮಿತಿ ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ದುಷ್ಟ ತಂತ್ರಾಂಶವಿತ್ತು. ಅದು ಪೆಗಾಸಸ್ಸೇ ಎಂದು ನಿರ್ಣಯಿಸಲಾಗಲಿಲ್ಲವೆಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯ ತಿಳಿಸಿತು.

ನಾವು ನೆಲೆಸಿರುವ ಪುಣೆಯಂತೂ ಈ ವಿದ್ಯೆಗೆ ಹೊಸದಲ್ಲ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರ ಇಲ್ಲಿಯೇ ಇದೆ. 1991ರಲ್ಲಿ ಪರಮ್ 8000 ಎಂಬ ಮಹಾಗಣಕವನ್ನು ಕೊಟ್ಟವರು ಅವರು. ವೈರಸ್‌ನಿಂದ ರಕ್ಷಿಸುವ ಕ್ವಿಕ್ ಹೀಲ್ ಕೂಡ ಕಾಟಕರ್ ಸೋದರರು ಇದೇ ಊರಿನಲ್ಲಿ ಕಟ್ಟಿದ ಸಂಸ್ಥೆ. ಹಿಂಜವಡಿಯ ಕಚೇರಿಗಳಲ್ಲಿ ಇಂಥ ತಂತ್ರಾಂಶ ಬರೆಯುವ ನಮ್ಮ ಮಕ್ಕಳೂ ಇದ್ದಾರೆ. ಹಾಗೆಯೇ 2018ರ ಆಗಸ್ಟಿನಲ್ಲಿ ಇಲ್ಲಿನ ಕಾಸ್ಮಾಸ್ ಬ್ಯಾಂಕಿನ ಯಂತ್ರವ್ಯವಸ್ಥೆಗೆ ದುಷ್ಟ ತಂತ್ರಾಂಶ ನುಗ್ಗಿಸಿ ಸುಮಾರು 94 ಕೋಟಿ ರೂಪಾಯಿ ದೋಚಿದುದನ್ನೂ ಈ ಊರು ಕಂಡಿದೆ. ಅದು ಚಿತ್ರದಿಂದಾದ ಕಳವಲ್ಲ. ಆದರೆ ಕಾಣದ ಕಳ್ಳನೂ ಕಳ್ಳನೇ ಎಂಬ ಪಾಠವನ್ನು ಪುಣೆಯವರಿಗೆ ಮರೆಯದಂತೆ ಕಲಿಸಿತು.

ಹಳೆಯ ಫೋನು ಯಾರ ಕೈಗೆ?

ಹಾಗಾದರೆ ನಮ್ಮಂಥ ಸಂಸಾರವಂದಿಗರಿಗೆ ಇದರಿಂದ ಏನು? ಪೆಗಾಸಸ್‌ನಂಥ ಅಸ್ತ್ರ ಬಲು ದುಬಾರಿ. ಅದನ್ನು ಆಯ್ದ ಕೆಲವರ ಮೇಲೆ ಹೂಡುತ್ತಾರೆಯೇ ಹೊರತು ಶುಭೋದಯದ ಹೂವಿನಲ್ಲಿಟ್ಟು ಊರಿಗೆಲ್ಲ ಹಂಚುವುದಿಲ್ಲ. ಈ ಮಟ್ಟಿಗೆ ನಿಶ್ಚಿಂತರಾಗಿರಬಹುದು. ಆದರೆ ತಿದ್ದುಪಡಿ ಹೊರಬಿದ್ದ ದಿನವೇ ದೋಷವೆಲ್ಲಿತ್ತೆಂಬುದೂ ಜಗತ್ತಿಗೆ ತಿಳಿಯುತ್ತದೆ. ಆಮೇಲೆ ಸಾಮಾನ್ಯ ಕಳ್ಳನೂ ಅದನ್ನು ಕಲಿಯಬಹುದು. ತಿದ್ದುಪಡಿ ಸೇರಿದ ಫೋನಿಗೆ ಭಯವಿಲ್ಲ. ಸೇರದ ಫೋನಿನ ಬಾಗಿಲು ತೆರೆದೇ ಇರುತ್ತದೆ.

ತಿದ್ದುಪಡಿ ಸೇರದ ಫೋನು ಯಾರಲ್ಲಿದೆ? ನಮ್ಮ ಕುಟುಂಬಗಳ ರೂಢಿಯನ್ನೇ ನೋಡಿರಿ. ಮಗ ಹೊಸ ಫೋನು ಕೊಂಡರೆ ಹಳೆಯದು ಊರಿನಲ್ಲಿರುವ ತಂದೆಗೆ, ತಂದೆಯದು ಅಜ್ಜಿಗೆ. ಪ್ರೀತಿಯ ರೂಢಿಯೇ ಸರಿ. ಆದರೆ ಫೋನು ತಯಾರಿಸಿದವರು ಕೆಲವು ವರ್ಷಗಳ ಮೇಲೆ ತಿದ್ದುಪಡಿ ಕಳುಹಿಸುವುದನ್ನು ನಿಲ್ಲಿಸುತ್ತಾರೆ. ಎಂದರೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಚಿತ್ರಗಳನ್ನು ನೋಡುವ, ಪಿಂಚಣಿಯ ಬ್ಯಾಂಕ್ ಖಾತೆಯೂ ಫೋನಿನಲ್ಲಿರುವ ಹಿರಿಯರ ಕೈಗೆ, ಎಲ್ಲಕ್ಕಿಂತ ಸಡಿಲವಾದ ಅಗುಳಿಯ ಬಾಗಿಲನ್ನು ಕೊಟ್ಟಂತಾಗುತ್ತದೆ.

ಆದುದರಿಂದ ಈ ಕೆಲವು ಮಾತುಗಳನ್ನು ನೆನಪಿಡುವುದು ಒಳಿತು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳಿನದೆಂದು ನೋಡಿರಿ. ಹೊಸದು ಬಂದಿದ್ದರೆ “ನಾಳೆ” ಎನ್ನದೆ ಅಂದೇ ಹಾಕಿಕೊಳ್ಳಿರಿ. ಬ್ರೌಸರಿಗೂ ವಾಟ್ಸಾಪಿಗೂ ಇದೇ ಮಾತು. 2023ರಲ್ಲಿ ಆಪಲ್ ಸಂಸ್ಥೆ ಐಫೋನ್ 6ಎಸ್, 7ರಂಥ ಹಳೆಯ ಮಾದರಿಗಳಿಗೂ ತಿದ್ದುಪಡಿ ಕೊಟ್ಟಿತ್ತು. ಹಳೆಯದೆಂದು ನೋಡದೆಯೇ ಬಿಡಬಾರದು.

ತಿದ್ದುಪಡಿ ಬರುವುದೇ ನಿಂತುಹೋದ ಫೋನಿನಲ್ಲಿ ಹಾಡು, ಹರಿಕಥೆ ಕೇಳಬಹುದು. ಬ್ಯಾಂಕಿನ ವ್ಯವಹಾರ ಬೇಡ.

ವಾಟ್ಸಾಪಿನಲ್ಲಿ ಚಿತ್ರಗಳು ತಾವಾಗಿಯೇ ಇಳಿಯುವ ಏರ್ಪಾಟನ್ನು ನಿಲ್ಲಿಸಿರಿ. ಇದರಿಂದ ಎಲ್ಲ ಅಪಾಯವೂ ತಪ್ಪುತ್ತದೆಂದಲ್ಲ. ಆದರೆ ಅಪರಿಚಿತರ ಗಂಟು ನಮ್ಮ ಅಪ್ಪಣೆಯಿಲ್ಲದೆ ಬಿಚ್ಚಿಕೊಳ್ಳುವ ಸಂದರ್ಭ ಕಡಿಮೆಯಾಗುತ್ತದೆ.

ಮದುವೆಯ ಕರೆಯೋಲೆಯೆಂದು ಬಂದ ಕಡತದ ಹೆಸರು ಎಪಿಕೆ ಎಂದು ಕೊನೆಗೊಂಡರೆ ಅದು ಚಿತ್ರವೇ ಅಲ್ಲ. ಫೋನಿನಲ್ಲಿ ನೆಲೆಯೂರಲು ಬಂದ ತಂತ್ರಾಂಶ. ಸಾಮಾನ್ಯ ಸಂಸಾರಗಳ ಹಣ ಹೋಗುವುದು ಸೂಕ್ಷ್ಮವಾದ ಚಿತ್ರದೋಷಗಳಿಗಿಂತ ಹೆಚ್ಚಾಗಿ ಇಂಥ ಒರಟು ಮೋಸಗಳಿಂದಲೇ. ಎಷ್ಟೇ ಪರಿಚಿತರ ಹೆಸರಿನಲ್ಲಿ ಬಂದರೂ ತೆರೆಯಬೇಡಿರಿ. ಹಣ ಹೋಯಿತೆಂದು ಕಂಡರೆ ಕೂಡಲೆ 1930ಕ್ಕೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ತಡಮಾಡಿದಷ್ಟೂ ಹಣ ದೂರ ಸಾಗುತ್ತದೆ.

ತಂತ್ರಾಂಶ ಬರೆಯುವವರ ಕಡೆಯಿಂದಲೂ ಸುಧಾರಣೆ ನಡೆದಿದೆ. ಚಿತ್ರ ಬಿಚ್ಚುವ ಹಳೆಯ ಲೈಬ್ರರಿಗಳಲ್ಲಿ ಹೆಚ್ಚಿನವು 1970ರ ದಶಕದ ಸಿ ಎಂಬ ಭಾಷೆಯಲ್ಲಿವೆ. ಪಾತ್ರೆ ತುಂಬಿತೇ ಎಂದು ನೋಡುವ ಹೊಣೆ ಅಲ್ಲಿ ಬರೆಯುವವನದು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಪಡೆದ ರಸ್ಟ್ ಎಂಬ ಭಾಷೆ ಆ ಹೊಣೆಯ ಬಹುಭಾಗವನ್ನು ತಾನೇ ಹೊರುತ್ತದೆ. ಗಿರಣಿಯ ಕಲ್ಲನ್ನೇ ಬದಲಿಸುವ ಈ ಕೆಲಸ ನಿಧಾನದ್ದು. ಅಲ್ಲಿಯವರೆಗೆ ಸಾಣಿಗೆ ನಮ್ಮ ಕೈಯಲ್ಲಿಯೇ ಇರಬೇಕು.

ಚಿತ್ರಗಳನ್ನು ಕಳುಹಿಸುವುದನ್ನೂ ನೋಡುವುದನ್ನೂ ನಿಲ್ಲಿಸಿರೆಂದು ಯಾರೂ ಹೇಳಲಾರರು. ಊರಿಗೂ ನಮಗೂ ಇರುವ ಸೇತುವೆ ಅದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಊಟವಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಪ್ಪನ ಫೋನನ್ನೂ ಅಜ್ಜಿಯ ಫೋನನ್ನೂ ಕೈಗೆ ತೆಗೆದುಕೊಳ್ಳಿರಿ. ಅವರನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು, ಗದರದೆ, ಒಂದೊಂದಾಗಿ ತೋರಿಸಿಕೊಡಿರಿ. ಹಿತ್ತಲ ಬಾಗಿಲಿಗೆ ಅಗುಳಿ ಹಾಕುವುದನ್ನು ನಮಗೆ ಕಲಿಸಿದವರು ಅವರೇ ಅಲ್ಲವೆ?