ಕೆರೆಯ ನೆಲ, ಪೌರರ ಹಕ್ಕು

ಬೆಂಗಳೂರಿನ ರಾಜಕಾಲುವೆಗಳ ಒತ್ತುವರಿಯನ್ನು ತೆರವುಗೊಳಿಸುವ ಮಾತು ಮಳೆಗಾಲಕ್ಕೊಮ್ಮೆ ಏಳುವುದನ್ನೂ ಮಳೆ ನಿಂತೊಡನೆ ಅಡಗುವುದನ್ನೂ ವಾಚಕರು ಬಲ್ಲರು. 2016ರ ಆಗಸ್ಟ್ ತಿಂಗಳಲ್ಲಿ ಯಂತ್ರಗಳು ಬಂದು ಹಲವು ಮನೆಗಳನ್ನು ಕೆಡವಿದುವು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಜಲಾವೃತವಾದಾಗ ಅದೇ ಕಾರ್ಯ ಪುನಃ ಆರಂಭವಾಯಿತು. ಕಾಲುವೆ ತೆರವಾಗಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ನೀರು ಇಳಿಜಾರನ್ನು ಬಲ್ಲುದೇ ಹೊರತು ಹಕ್ಕುಪತ್ರವನ್ನು ಓದಲಾರದು. ಆದರೆ ನ್ಯಾಯದ ತಕ್ಕಡಿ ಎಲ್ಲರಿಗೂ ಒಂದೇ ಆಗಿರಬೇಕೆಂಬುದು ನಮ್ಮ ವಾದ.

ಕೆರೆಗಳನ್ನು ನುಂಗಿದವರು ಖಾಸಗಿಯವರು ಮಾತ್ರವೇ? ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣವಿದೆ. ಆ ಕೆರೆಯ ಆಸುಪಾಸಿನಲ್ಲಿ ತಿಗಳರು ತೋಟ ಮಾಡಿಕೊಂಡಿದ್ದರು. ಈಗ ಉಳಿದಿರುವುದು ಕರಗದ ವಿಧಿಗೆ ಒದಗುವ ಒಂದು ಸಣ್ಣ ಹೊಂಡ. ಇವು ಸಾರ್ವಜನಿಕರಿಗೆ ಉಪಯುಕ್ತವಾದ ಸ್ಥಳಗಳೆಂಬುದು ನಿಜ. ಆದರೂ ಕೆರೆಯಂಗಳವನ್ನು ಖಾಲಿ ನಿವೇಶನವೆಂದು ಎಣಿಸುವ ಪಾಠವನ್ನು ಪ್ರಜೆಗಳು ಆಳುವವರಿಂದಲೂ ಕಲಿತರೆಂಬುದು ಅಷ್ಟೇ ನಿಜ.

2016ರಲ್ಲಿ ಮನೆ ಕಳೆದುಕೊಂಡವರ ಪೈಕಿ ಮಂಜೂರಾದ ನಕ್ಷೆಯನ್ನೂ ಕಂದಾಯದ ರಸೀದಿಯನ್ನೂ ಕೈಯಲ್ಲಿ ಹಿಡಿದು ನಿಂತವರಿದ್ದರು. ಕೊಂಡವನ ಗೋಡೆ ಉರುಳುವಾಗ, ಮಾರಿದವನೂ ಮಂಜೂರು ಮಾಡಿದವನೂ ನಿಶ್ಚಿಂತರಾಗಿರುವುದು ಯಾವ ನೀತಿ?

ಗುಡಿಸಲಿನವರ ಪಾಡಂತೂ ಇನ್ನೂ ಕಷ್ಟದ್ದು. ಅವರ ಬಳಿ ಕಾಗದಪತ್ರವೇ ಇಲ್ಲ. ಬೊಂಬಾಯಿಯ ಕಾಲುದಾರಿಗಳಲ್ಲಿ ನೆಲೆಸಿದ್ದವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸಾರಿತು. ಕಾಲುದಾರಿಯನ್ನು ಆಕ್ರಮಿಸುವ ಹಕ್ಕನ್ನು ಅದು ಯಾರಿಗೂ ಕೊಡಲಿಲ್ಲ. ಆದರೆ ಒಕ್ಕಲೆಬ್ಬಿಸುವ ಮುನ್ನ ಅವರ ಅಹವಾಲನ್ನು ಕೇಳುವುದು ನ್ಯಾಯವೆಂದಿತು. ಸಾರ್ವಜನಿಕ ನೆಲವನ್ನೂ ಬಡವನ ಬಾಳನ್ನೂ ಒಟ್ಟಿಗೆ ಕಾಯಬಹುದೆಂಬುದಕ್ಕೆ ಇದು ಆಧಾರ.

ಆದಕಾರಣ ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟು: ಹಳೆಯ ಗ್ರಾಮನಕ್ಷೆಗಳನ್ನಾಧರಿಸಿ ಕೆರೆ ಕಾಲುವೆಗಳ ಮೇರೆಯನ್ನು ಗುರುತಿಸಿ, ಮಳೆಗಾಲಕ್ಕೆ ಬಹು ಮುಂಚೆಯೇ ಬಹಿರಂಗಪಡಿಸಿರಿ. ತಪ್ಪು ಮಂಜೂರಾತಿಯ ನಷ್ಟವನ್ನು ಮಾರಿದವರಿಂದಲೂ ಮಂಜೂರು ಮಾಡಿದವರಿಂದಲೂ ವಸೂಲು ಮಾಡಿರಿ. ಬಡವರ ಗುಡಿಸಲನ್ನು ಕೀಳುವ ಮೊದಲು ಕೆಲಸಕ್ಕೆ ಸಮೀಪದಲ್ಲಿ ಬೇರೆ ನೆಲೆ ತೋರಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಸರಕಾರದ ಕಟ್ಟಡಕ್ಕೂ ಕೆರೆಯ ನೆಲ ಸಲ್ಲದೆಂದು ಮೊದಲು ನಿಮಗೇ ವಿಧಿಸಿಕೊಳ್ಳಿರಿ. ತಾನು ಪಾಲಿಸದ ಕಟ್ಟಳೆಯನ್ನು ಪ್ರಜೆಗಳ ಮೇಲೆ ಹೇರುವ ಸರಕಾರಕ್ಕೆ ಬಲವಿದ್ದೀತು, ಮರ್ಯಾದೆ ಇರದು.